ಊರಿನ ಸ್ವತ್ತಿಗೆ ಬೆಲೆ ಕಟ್ಟುವವರಾರು?



ಸಾರಾಯಿ ಅಂಗಡಿ ಮುಚ್ಚಿಸಲು ಹೆಣ್ಣುಮಕ್ಕಳು ಬೀದಿಗಿಳಿದ ನಾಡಿದು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ನಿಟ್ಟುಸಿರುಬಿಟ್ಟ ಮನೆಗಳು ಕಡಿಮೆಯಲ್ಲ. ಇಂಥಲ್ಲಿ ಇಂಗ್ಲೆಂಡಿನ ಪಬ್‌ಗಳನ್ನು ಉಳಿಸಿಕೊಳ್ಳುವ ಹೋರಾಟದ ಪ್ರಸ್ತಾಪ ವಿಚಿತ್ರವೆನಿಸಬಹುದು. ಆದರೆ ಆ ಹೋರಾಟದ ತಿರುಳು ಮದ್ಯವಲ್ಲ. ಊರ ನಡುವಿನ ಸಾರ್ವಜನಿಕ ತಾಣವನ್ನು ಸ್ಥಳೀಯ ಆಡಳಿತವೇ ಮಾರಲು ಹೊರಟಾಗ ಊರಿನವರ ಮಾತಿಗೆ ತೂಕವೆಷ್ಟು ಎಂಬುದೇ ಅಲ್ಲಿನ ಪ್ರಶ್ನೆ.

ಪಬ್ ಎಂದರೆ 'ಪಬ್ಲಿಕ್ ಹೌಸ್', ಅರ್ಥಾತ್ ಸಾರ್ವಜನಿಕರ ಮನೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅದು ಊಟದ ಮನೆಯೂ ಹೌದು, ಹರಟೆಕಟ್ಟೆಯೂ ಹೌದು. ಅಂಚೆಕಚೇರಿ, ದಿನಸಿ ಅಂಗಡಿ, ಬಸ್ಸು ಒಂದೊಂದಾಗಿ ನಿಂತುಹೋದ ಊರುಗಳಲ್ಲಿ ಜನ ಕೂಡಲು ಉಳಿದ ಕೊನೆಯ ಸೂರು ಅದು.

2010ರ ನಂತರ ಅಲ್ಲಿನ ಕೇಂದ್ರ ಸರ್ಕಾರವು ಸ್ಥಳೀಯ ಕೌನ್ಸಿಲ್‌ಗಳ ಅನುದಾನವನ್ನು ತೀವ್ರವಾಗಿ ಕಡಿತಗೊಳಿಸಿತು. ಖರ್ಚು ತೂಗಿಸಲಾಗದ ಕೌನ್ಸಿಲ್‌ಗಳು ತಮ್ಮ ಒಡೆತನದ ಕಟ್ಟಡಗಳನ್ನೂ ನೆಲವನ್ನೂ ಮಾರತೊಡಗಿದವು. ಪಬ್ ನಡೆಸುವವನು ಕೊಡಬಲ್ಲ ಬೆಲೆಗಿಂತ, ಅದನ್ನು ಒಡೆದು ವಸತಿ ಕಟ್ಟುವವನು ಕೊಡುವ ಬೆಲೆ ಸಾಮಾನ್ಯವಾಗಿ ಹೆಚ್ಚು. ಹೀಗಾಗಿ ಹರಾಜಿನ ಹೊತ್ತಿಗೆ ಊರಿನವರು ಸೋತೇ ನಿಂತಿರುತ್ತಾರೆ.

'ಕಾನೂನೇ ಹಾಗೆ ಹೇಳುತ್ತದೆ' ಎಂಬುದು ಅಧಿಕಾರಿಗಳ ಸಿದ್ಧ ಉತ್ತರ. ಅದರಲ್ಲಿ ಅರ್ಧ ಸತ್ಯವಿದೆ. 1972ರ ಸ್ಥಳೀಯ ಆಡಳಿತ ಕಾಯಿದೆಯ 123ನೆಯ ಕಲಮು, ಕೌನ್ಸಿಲ್ ತನ್ನ ಭೂಮಿಯನ್ನು ದೊರಕಬಹುದಾದ ಉತ್ತಮ ಬೆಲೆಗೇ ಮಾರಬೇಕೆನ್ನುತ್ತದೆ. ಆದರೆ 2003ರಲ್ಲಿ ಸರ್ಕಾರ ನೀಡಿದ ಸಾಮಾನ್ಯ ಅನುಮತಿಯ ಪ್ರಕಾರ, ಪ್ರದೇಶದ ಆರ್ಥಿಕ, ಸಾಮಾಜಿಕ ಅಥವಾ ಪರಿಸರ ಹಿತ ಸಾಧಿಸುವುದಾದರೆ 20 ಲಕ್ಷ ಪೌಂಡ್‌ಗಳವರೆಗೂ ಕಡಿಮೆ ಬೆಲೆಗೆ ಕೊಡಬಹುದು. ಆದುದರಿಂದ ಹೋರಾಟಗಾರರು ಕೇಳಬೇಕಾದುದು 'ಮಾರಬೇಡಿ' ಎಂದಷ್ಟೇ ಅಲ್ಲ. 'ಈ ಅವಕಾಶವನ್ನು ಪರಿಶೀಲಿಸಿದಿರಾ? ಪರಿಶೀಲಿಸಿ ಬಿಟ್ಟಿದ್ದರೆ ಕಾರಣವೇನು?' ಎಂದು.

ಎರಡನೆಯ ಅಸ್ತ್ರ 2011ರ ಸ್ಥಳೀಯತಾ ಕಾಯಿದೆ. ಅದರನ್ವಯ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ ಅಥವಾ ಕನಿಷ್ಠ 21 ಸ್ಥಳೀಯ ಮತದಾರರ ಗುಂಪು, ಒಂದು ಕಟ್ಟಡವನ್ನು 'ಸಮುದಾಯ ಮೌಲ್ಯದ ಆಸ್ತಿ' ಎಂದು ಪಟ್ಟಿಗೆ ಸೇರಿಸಲು ಕೋರಬಹುದು. ಪಟ್ಟಿಗೆ ಸೇರಿದ ಮೇಲೆ ಮಾಲೀಕರು ಮಾರಲು ಹೊರಟರೆ ಊರಿನವರಿಗೆ ಆಸಕ್ತಿ ತಿಳಿಸಲು 6 ವಾರಗಳಿರುತ್ತವೆ. ತಿಳಿಸಿದರೆ, ಹಣ ಹೊಂದಿಸಲು ಒಟ್ಟು 6 ತಿಂಗಳ ಕಾಲಾವಕಾಶ. ಲಂಡನ್ನಿನ ನನ್‌ಹೆಡ್ ಬಡಾವಣೆಯ 'ಐವಿ ಹೌಸ್' ಹೀಗೆ ಪಟ್ಟಿಗೆ ಸೇರಿದ ಮೊದಲ ಪಬ್. ಅದನ್ನು 2013ರಲ್ಲಿ ನೆರೆಹೊರೆಯವರೇ 8,10,000 ಪೌಂಡ್‌ಗೆ ಕೊಂಡರು. ಸಾಲದ ಜೊತೆಗೆ ಷೇರು ಕೊಂಡವರು 371 ಮಂದಿ. ಅದರ ಮಾರಾಟಗಾರ ಕೌನ್ಸಿಲ್ ಅಲ್ಲ, ಖಾಸಗಿ ಕಂಪನಿ. ಆದರೆ ಈ ಕಾಯಿದೆ ಎರಡಕ್ಕೂ ಅನ್ವಯ.

ಈ ಕಾಯಿದೆಗೂ ಮುನ್ನವೇ, ಕಂಬ್ರಿಯಾದ ಬೆಟ್ಟಸೀಮೆಯ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಪುಟ್ಟ ಹಳ್ಳಿಯ 'ಓಲ್ಡ್ ಕ್ರೌನ್' ಪಬ್ಬನ್ನು 2003ರಲ್ಲಿ ನೂರಕ್ಕೂ ಮಿಕ್ಕ ಸದಸ್ಯರ ಸಹಕಾರ ಸಂಘ ಕೊಂಡುಕೊಂಡಿತು. ಕುರಿ ಮೇಯಿಸುವವರ ಸೀಮೆಯಲ್ಲಿ ಆಗಬಹುದಾದದ್ದು ಅಡಿಕೆ ಬೆಳೆಗಾರರ ಸೀಮೆಯಲ್ಲಿ ಆಗದೆಂದೇನೂ ಇಲ್ಲ.

2011ರ ಕಾಯಿದೆಯ ಕೊರತೆಯನ್ನೂ ಹೇಳಬೇಕು. ಅದು ಸಮಯ ಕೊಡುತ್ತದೆ, ಸ್ವತ್ತು ಕೊಡುವುದಿಲ್ಲ. ಗಡುವು ಮುಗಿದ ಮೇಲೆ ಮಾಲೀಕ ಯಾರಿಗೆ ಬೇಕಾದರೂ ಮಾರಬಹುದು. ಊರಿನವರಿಗೇ ಕೊಡಬೇಕೆಂಬ ಕಟ್ಟುಪಾಡಿಲ್ಲ. ಈ ದೋಷ ಸರಿಪಡಿಸಿ, ಕೊಳ್ಳುವ ಮೊದಲ ಹಕ್ಕನ್ನು ಸಮುದಾಯಕ್ಕೇ ನೀಡುವ ಮಸೂದೆ 2025ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಂಡನೆಯಾಯಿತು.

ಕನ್ನಡನಾಡಿಗೆ ಈ ಪ್ರಶ್ನೆ ಹೊಸದಲ್ಲ. ಹಳ್ಳಿಯ ಸಾಮೂಹಿಕ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಕೊಟ್ಟುದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಅಲ್ಲಿ ಜನ ನೀಲಗಿರಿ ಕಿತ್ತರು. ಊರಿಗೆ ಬೇಕಾದ ಗಿಡ ನೆಟ್ಟರು. ವಿರೋಧದೊಡನೆ ಪರ್ಯಾಯವನ್ನೂ ಮುಂದಿಟ್ಟದ್ದೇ ಅದರ ಶಕ್ತಿ.

ಇಂಗ್ಲೆಂಡಿನ ಹಳ್ಳಿಗಳು ಕಲಿತ ಪಾಠವೂ ಅದೇ. ಮಾರಾಟದ ಪ್ರಕಟಣೆ ಗೋಡೆಗೆ ಅಂಟಿದ ಮೇಲೆ ಎಚ್ಚರಗೊಂಡ ಊರಿಗೆ ಉಳಿಯುವುದು ವಾರಗಳ ಲೆಕ್ಕ ಮಾತ್ರ. ಆದುದರಿಂದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ: ಪ್ರತಿ ಗ್ರಾಮದ ಕೆರೆ, ಗೋಮಾಳ, ಬಯಲು, ಸಂತೆಕಟ್ಟೆ, ಹಳೆಯ ಶಾಲಾ ಕಟ್ಟಡಗಳ ಪಟ್ಟಿಮಾಡಿ, ಅವು ಯಾರ ಹೆಸರಿನಲ್ಲಿವೆ, ಯಾರು ಬಳಸುತ್ತಾರೆಂದು ಪಹಣಿಯೊಡನೆ ತಾಳೆನೋಡಿ ಗ್ರಾಮಸಭೆಯ ಮುಂದಿಡುವುದು. ತನ್ನ ಬಳಿ ಏನಿದೆಯೆಂದು ಅರಿತ ಊರು ಮಾತ್ರ, ಅದನ್ನು ಕಳೆದುಕೊಳ್ಳುವ ಮೊದಲೇ ಮಾತನಾಡಬಲ್ಲದು.