ಅಜ್ಜಿಗೆ ಟ್ರೈನರ್ ಯಾಕೆ ಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಮಾತನ್ನ ಬಸ್ಸಿನ ಮೆಟ್ಟಿಲಿಂದ ಶುರು ಮಾಡೋಣ. 2023ರ ಜೂನ್ 11ಕ್ಕೆ ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಉಚಿತ ಆಯ್ತು. ಆದ್ರೆ ಬಸ್ ಹತ್ತೋಕೆ ಆಧಾರ್ ಕಾರ್ಡ್ ಒಂದಿದ್ರೆ ಸಾಲಲ್ಲ. ಎತ್ತರದ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಆ ಒಂದೇ ಕಾಲಿನ ಬಲದಲ್ಲಿ ಇಡೀ ಮೈಯನ್ನ ಮೇಲಕ್ಕೆತ್ತಬೇಕು. ಅಷ್ಟರೊಳಗೆ ಕಂಡಕ್ಟರ್ 'ರೈಟ್ ರೈಟ್' ಅಂದಿರ್ತಾರೆ. ಟಿಕೆಟ್ ಫ್ರೀ ಇದ್ರೂ ಈ ಮೆಟ್ಟಿಲಿಗೆ ಹೆದರಿ ಮನೇಲೇ ಉಳಿಯೋ ಅಜ್ಜಿಯಂದಿರು ಎಷ್ಟು ಜನ ಇದ್ದಾರೆ ಅಂತ ನಿಮ್ಮ ಬೀದೀಲೇ ಒಮ್ಮೆ ಎಣಿಸಿ ನೋಡಿ.

ಹಾಗಾಗಿ ಈ ಸಂಚಿಕೆ 60 ದಾಟಿದ ಹೆಂಗಸರ ವ್ಯಾಯಾಮದ ಬಗ್ಗೆ. ಅದ್ರಲ್ಲೂ ತಿಳಿದವರು ಒಬ್ರು ಎದುರಿಗೆ ನಿಂತು ಮಾಡಿಸೋ ವ್ಯಾಯಾಮದ ಬಗ್ಗೆ. ಕೇಳೋರು ನೀವು ಇಪ್ಪತ್ತು, ಮೂವತ್ತರ ವಯಸ್ಸಿನವರು. ನಿಮಗ್ಯಾಕೆ ಇದು ಅಂದ್ರೆ, ಇದು ಆಗೋದು ಬಿಡೋದು ಬಹುಪಾಲು ನಿಮ್ಮ ಕೈಲಿದೆ. ಅದು ಹೇಗೆ ಅಂತ ಕೊನೆಗೆ ಬರ್ತೀನಿ.

ಮೊದಲು, ಹೆಂಗಸರು ಅಂತಲೇ ಯಾಕೆ? ಮುಟ್ಟು ನಿಂತ ಮೇಲೆ ದೇಹದಲ್ಲಿ ಈಸ್ಟ್ರೋಜೆನ್ ಇಳಿಯುತ್ತೆ. ಮೂಳೆಯನ್ನ ಕಾಯ್ತಾ ಇದ್ದ ಹಾರ್ಮೋನ್ ಅದು. ಅದು ಕಡಿಮೆಯಾದ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಬೇಗ ಸವೆಯುತ್ತೆ. ಜೊತೆಗೆ ವಯಸ್ಸಿಗೆ ತಕ್ಕ ಹಾಗೆ ಸ್ನಾಯುನೂ ಕರಗ್ತಾ ಹೋಗುತ್ತೆ. ಸ್ನಾಯು ಸೋತ್ರೆ ಬೀಳ್ತಾರೆ, ಮೂಳೆ ಸೋತಿದ್ರೆ ಬಿದ್ದಾಗ ಮುರಿಯುತ್ತೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ 60 ದಾಟಿದ ಹೆಂಗಸರು ಸುಮಾರು 5.3 ಕೋಟಿ, ಗಂಡಸರು 5.1 ಕೋಟಿ. ಅಂದ್ರೆ ಹೆಚ್ಚು ವರ್ಷ ಬದುಕೋರೂ ಅವರೇ, ಆ ವರ್ಷಗಳನ್ನ ಸೋತ ಕಾಲಲ್ಲಿ ಕಳೆಯೋರೂ ಅವರೇ.

ಇಲ್ಲಿ ಎಲ್ಲಾ ಮನೇಲೂ ಬರೋ ಒಂದು ಮಾತಿದೆ. 'ಬೆಳಗಿಂದ ರಾತ್ರಿವರೆಗೂ ಕೆಲಸ ಮಾಡ್ತೀನಿ, ಇನ್ನೇನು ವ್ಯಾಯಾಮ?' ನಮ್ಮಜ್ಜಿದೂ ಇದೇ ಮಾತು. ಮೈಸೂರಲ್ಲಿದ್ದಾರೆ, 71 ವರ್ಷ. ಕ್ಲಾಸಿಗೆ ಹೋಗೋಣ ಅಂದಾಗ, 'ಈ ವಯಸ್ಸಲ್ಲಿ ನಾನೇನು ಗರಡಿ ಮನೆಗೆ ಹೋಗ್ಬೇಕೇನೇ?' ಅಂದಿದ್ರು.

ಮನೆಗೆಲಸ ಸುಸ್ತು ಮಾಡುತ್ತೆ, ನಿಜ. ಆದ್ರೆ ಸುಸ್ತಾಗೋದು ಬೇರೆ, ಬಲ ಬರೋದು ಬೇರೆ. ಅದೇ ತೂಕದ ಕುಕ್ಕರು, ಅದೇ ಬಕೆಟ್ಟು, ಅದೇ ಪೊರಕೆ. ದೇಹ ಅದಕ್ಕೆ ಹೊಂದಿಕೊಂಡು 40 ವರ್ಷ ಆಗಿರುತ್ತೆ. ಮಾಡ್ತಾ ಇರೋದಕ್ಕಿಂತ ಸ್ವಲ್ಪ ಹೆಚ್ಚು ಭಾರ ಬಿದ್ದಾಗಲೇ ಸ್ನಾಯು, ಮೂಳೆ ಎರಡೂ ಗಟ್ಟಿಯಾಗೋಕೆ ನೋಡೋದು. ಬಿ.ಕಾಂ.ನಲ್ಲಿ ನಮಗೆ ಸವಕಳಿ ಲೆಕ್ಕ ಹೇಳಿಕೊಡ್ತಿದ್ರು. ಯಂತ್ರ ಬಳಸಿದಷ್ಟೂ ಸವೆಯುತ್ತೆ ಅಂತ. ಮನುಷ್ಯರ ಕಾಲಿಗೆ ಆ ಲೆಕ್ಕ ಉಲ್ಟಾ. ಬಳಸದೇ ಇಟ್ಟಿದ್ದು ಬೇಗ ಸವೆಯುತ್ತೆ.

ಈಗ ಎರಡು ಅಧ್ಯಯನ ಹೇಳ್ತೀನಿ. ಎರಡೂ ಹೆಂಗಸರ ಮೇಲೆ ಮಾಡಿದ್ದೇ.

ಒಂದು ನ್ಯೂಜಿಲೆಂಡಿನ ಒಟಾಗೋ ಕಾರ್ಯಕ್ರಮ. 1997ರಲ್ಲಿ ಪ್ರಕಟವಾಯ್ತು. 80 ವರ್ಷ ದಾಟಿದ 233 ಹೆಂಗಸರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿನ ಪ್ರತಿಯೊಬ್ಬರ ಮನೆಗೂ ಮೊದಲ ಎರಡು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ ನಾಲ್ಕು ಸಲ ಬಂದು, ಅವರವರ ಶಕ್ತಿಗೆ ತಕ್ಕ ಹಾಗೆ ಕಾಲಿನ ಬಲದ, ತೂಗಿ ನಿಲ್ಲೋ ವ್ಯಾಯಾಮ ಕಲಿಸಿದ್ರು. ಆಮೇಲೆ ಅವರೇ ಮನೇಲಿ ಮಾಡ್ತಾ ಹೋದ್ರು. ಒಂದು ವರ್ಷದ ಮೇಲೆ ಲೆಕ್ಕ ಹಾಕಿದ್ರೆ, ವ್ಯಾಯಾಮ ಇಲ್ಲದ ಗುಂಪಲ್ಲಿ 152 ಸಲ ಬಿದ್ದಿದ್ರು, ವ್ಯಾಯಾಮ ಮಾಡಿದ ಗುಂಪಲ್ಲಿ 88 ಸಲ. ಎರಡು ಗುಂಪಿನ ಜನಸಂಖ್ಯೆ ಹತ್ತಿರ ಹತ್ತಿರ ಸಮ. ನೆನಪಿರಲಿ, ಇವರೆಲ್ಲ 80 ದಾಟಿದವರು.

ಎರಡನೇದು ಆಸ್ಟ್ರೇಲಿಯಾದ ಲಿಫ್ಟ್‌ಮೋರ್, 2018ರ ಹೊತ್ತಿಗೆ ಪ್ರಕಟವಾಗಿದ್ದು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ 101 ಹೆಂಗಸರು. ಒಂದು ಗುಂಪು ವಾರಕ್ಕೆ ಎರಡು ಸಲ, ಅರ್ಧ ಗಂಟೆ, 8 ತಿಂಗಳು ಭಾರ ಎತ್ತಿದ್ರು. ಡೆಡ್‌ಲಿಫ್ಟ್, ಸ್ಕ್ವಾಟ್, ಹೌದು, ನೀವು ಜಿಮ್ಮಲ್ಲಿ ಮಾಡೋದೇ. ಇನ್ನೊಂದು ಗುಂಪು ಮನೇಲಿ ಹಗುರವಾದ ವ್ಯಾಯಾಮ ಮಾಡ್ಕೊಂಡ್ರು. ಭಾರ ಎತ್ತಿದವರ ಸೊಂಟದ ಭಾಗದ ಬೆನ್ನುಮೂಳೆ ಸಾಂದ್ರತೆ ಸರಾಸರಿ ಶೇ. 2.9 ಏರಿತು. ಇನ್ನೊಂದು ಗುಂಪಿನದು ಶೇ. 1.2 ಇಳಿಯಿತು.

ಇದನ್ನ ಕೇಳಿ ಇವತ್ತೇ ಅಮ್ಮನ ಕೈಗೆ ಡಂಬೆಲ್ ಕೊಡ್ಬೇಡಿ. ಆ ಅಧ್ಯಯನದಲ್ಲಿ ಪ್ರತಿ ತರಗತಿಗೂ ತಜ್ಞರು ಪಕ್ಕದಲ್ಲೇ ಇದ್ರು. ಮೊದಲ ತಿಂಗಳು ಹೆಚ್ಚು ಭಾರ ಇಲ್ಲದೆ, ಸರಿಯಾಗಿ ಬಗ್ಗೋದು ಏಳೋದು ಕಲಿಸೋದಕ್ಕೇ ಹೋಯ್ತು. ಆದ ತೊಂದರೆ ಅಂತ ವರದಿಯಾಗಿದ್ದು ಒಬ್ಬರಿಗೆ ಸೊಂಟ ಹಿಡಿದಿದ್ದು, ಅಷ್ಟೇ. ಅಂದ್ರೆ ಆ ಫಲಿತಾಂಶದ ಹಿಂದೆ ಭಾರದಷ್ಟೇ, ನೋಡಿಕೊಳ್ತಾ ನಿಂತಿದ್ದ ಕಣ್ಣಿಗೂ ಪಾಲಿದೆ.

ಆ ಕಣ್ಣು ಏನು ನೋಡುತ್ತೆ? ನಮ್ಮಜ್ಜಿ ಈಗ ಹೋಗ್ತಾ ಇರೋ ಕ್ಲಾಸ್ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯುತ್ತೆ. 12 ಜನ ಹೆಂಗಸರು, ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ. ಮೊದಲ ದಿನ ಒಂದು ವ್ಯಾಯಾಮನೂ ಮಾಡಿಸ್ಲಿಲ್ಲ. ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾವ ಮಾತ್ರೆ, ಕಳೆದ ವರ್ಷ ಯಾರು ಬಿದ್ದಿದ್ರು, ಎಲ್ಲ ಕೇಳಿ ಬರ್ಕೊಂಡ್ರು. ಎರಡನೇ ದಿನ ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಏಳೋದು, ಕೂರೋದು. ಅಜ್ಜಿ ಸಲೀಸಾಗಿ ಎದ್ದರು ಅಂತ ನನಗನ್ನಿಸ್ತು. ಮೇಡಂ ಮಾತ್ರ, 'ಅಮ್ಮಾ, ನೀವು ಬರೀ ಬಲಗಾಲಲ್ಲಿ ಏಳ್ತಾ ಇದ್ದೀರ' ಅಂದ್ರು. ಎಡ ಮಂಡಿ ನೋವಿಗೆ ಅಜ್ಜಿ ವರ್ಷಗಟ್ಟಲೆಯಿಂದ ಹಾಗೇ ಮಾಡ್ತಾ ಇದ್ರಂತೆ. ಯೂಟ್ಯೂಬ್ ವಿಡಿಯೋ ನಾವು ನೋಡ್ತೀವಿ, ಅದು ನಮ್ಮನ್ನ ನೋಡಲ್ಲ.

ಉಸಿರು ಕಟ್ಟಬಾರದು ಅಂತ ಅವರು ಎಲ್ಲರ ಕೈಲೂ ಜೋರಾಗಿ ಎಣಿಸ್ತಾರೆ. ಹತ್ತು ಸಲ ಸಲೀಸಾಗಿ ಆಯ್ತಾ, ಮುಂದಿನ ವಾರ ಎರಡೂ ಕೈಗೆ ಒಂದೊಂದು ಲೀಟರ್ ನೀರಿನ ಬಾಟಲಿ. ಅದೂ ಹಗುರ ಆಯ್ತಾ, ಮರಳು ತುಂಬಿದ ಚೀಲ. ಕೊನೆಗೆ ಗೋಡೆ ಪಕ್ಕ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲೋದು. ಒಬ್ರು ಬರದೇ ಇದ್ರೆ ಉಳಿದ ಹನ್ನೊಂದು ಜನ ಫೋನ್ ಮಾಡ್ತಾರೆ. ವಾಕಿಂಗ್ ತಪ್ಪಿಸಿದ್ರೆ ಕೇಳೋರಿಲ್ಲ. ಇಲ್ಲಿ ಕೇಳ್ತಾರೆ.

ವಾಕಿಂಗ್ ಬೇಡ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ಚಟುವಟಿಕೆ ಬೇಕು ಅನ್ನುತ್ತೆ. 65 ದಾಟಿದವರಿಗೆ ಅದರ ಜೊತೆಗೆ ವಾರಕ್ಕೆ ಮೂರು ದಿನವಾದ್ರೂ ಬಲ ಮತ್ತು ಸಮತೋಲನದ ವ್ಯಾಯಾಮ ಇರ್ಲಿ ಅನ್ನುತ್ತೆ. ನಮ್ಮ ಮನೆಗಳಲ್ಲಿ ಬಿಟ್ಟುಹೋಗಿರೋದು ಈ ಎರಡನೇ ಭಾಗ.

ಮನೇಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೈ ಆಸರೆ ಇಲ್ಲದ ಕುರ್ಚಿಯನ್ನ ಗೋಡೆಗೆ ಒತ್ತಿಡಿ. ಅಮ್ಮ ಕೈ ಎರಡನ್ನೂ ಎದೆ ಮೇಲೆ ಅಡ್ಡ ಇಟ್ಕೊಳ್ಳಲಿ. 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸಿ. ಹೆಂಗಸರಿಗೆ 60ರಿಂದ 64ರ ವಯಸ್ಸಲ್ಲಿ 12ಕ್ಕಿಂತ ಕಡಿಮೆ, 65ರಿಂದ 69ರಲ್ಲಿ 11ಕ್ಕಿಂತ ಕಡಿಮೆ, 70ರಿಂದ 79ರಲ್ಲಿ 10ಕ್ಕಿಂತ ಕಡಿಮೆ ಬಂದ್ರೆ ಬೀಳೋ ಅಪಾಯ ಹೆಚ್ಚು ಅಂತ ಅಮೆರಿಕದ ಸಿಡಿಸಿ ಸಂಸ್ಥೆಯ ಪಟ್ಟಿ ಹೇಳುತ್ತೆ. ಮಾಡುವಾಗ ನೀವು ಪಕ್ಕದಲ್ಲೇ ನಿಂತಿರಿ. ಎದೆ ನೋವು, ತಲೆ ಸುತ್ತು ಇರೋರು, ಬಿಪಿ ಹತೋಟಿಗೆ ಬರದವರು, ಹೊಸದಾಗಿ ಮೂಳೆ ಮುರಿದು ಅಥವಾ ಆಪರೇಷನ್ ಆಗಿರೋರು ಡಾಕ್ಟರನ್ನ ಕೇಳಿದ ಮೇಲೇ ಮುಂದುವರೀಲಿ.

ಈಗ ದುಡ್ಡಿನ ಮಾತು. ಮನೆಗೆ ಒಬ್ಬರನ್ನೇ ಕರೆಸೋದು ದುಬಾರಿ. ನಮ್ಮ ಬಡಾವಣೆಯ ಲೆಕ್ಕ ಹೇಳ್ತೀನಿ: ಒಂದು ಕ್ಲಾಸಿಗೆ 900 ರೂಪಾಯಿ, ತಿಂಗಳಿಗೆ 8 ಕ್ಲಾಸು, ಒಟ್ಟು 7,200. ಹನ್ನೆರಡು ಜನ ಹಂಚಿಕೊಂಡ್ರೆ ತಲೆಗೆ 600. ಗುಂಪು ಎಲ್ಲಿಂದ ತರೋದು ಅಂತೀರಾ? 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿವೆ. ಭಜನಾ ಮಂಡಳಿ ಇದೆ, ಚೀಟಿ ಗುಂಪಿದೆ. ಕೂಡೋ ಅಭ್ಯಾಸ ಆಗಲೇ ಇದೆ, ಕಲಿಸೋರನ್ನ ಕರೆತರಬೇಕು ಅಷ್ಟೇ. ದುಡ್ಡು ಕಷ್ಟ ಅಂದ್ರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಮ್ಮೆ ಕೇಳಿ.

ಆದ್ರೆ ಅಸಲಿ ಖರ್ಚು ಆ 600 ರೂಪಾಯಿ ಅಲ್ಲ. ಕ್ಲಾಸ್ ಬೆಳಿಗ್ಗೆ 7ಕ್ಕೆ. ಆ ಹೊತ್ತಲ್ಲಿ ಮನೇಲಿ ಹಾಲು ಕಾಯಿಸ್ಬೇಕು, ತಿಂಡಿ ಆಗ್ಬೇಕು, ಮೊಮ್ಮಗುವಿಗೆ ಜಡೆ ಹಾಕ್ಬೇಕು. ನಮ್ಮ ಗುಂಪಲ್ಲಿ ಮೊದಲ ತಿಂಗಳು ಬಿಟ್ಟುಹೋದ ಮೂವರೂ ಮಂಡಿ ನೋವು ಅಂತ ಬಿಡ್ಲಿಲ್ಲ. 'ಮನೇಲಿ ತಿಂಡಿಗೆ ತೊಂದ್ರೆ ಆಗುತ್ತೆ' ಅಂತ ಬಿಟ್ರು. ಕಾಮರ್ಸಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತಾರೆ. ಒಂದು ಗಂಟೆ ಇಲ್ಲಿ ಕೊಟ್ರೆ ಇನ್ನೆಲ್ಲೋ ಒಂದು ಗಂಟೆ ಕಳ್ಕೋಬೇಕು. ನಮ್ಮ ಮನೆಗಳಲ್ಲಿ ಆ ಇನ್ನೊಂದು ಗಂಟೆ ಯಾವಾಗ್ಲೂ ಅಡುಗೆಮನೇದು, ಅದನ್ನ ತುಂಬೋರು ಯಾವಾಗ್ಲೂ ಅವರೇ.

ಅದಕ್ಕೇ ಇದು ನಿಮ್ಮ ಕೈಲಿದೆ ಅಂದಿದ್ದು. ಮೂವರಲ್ಲಿ ಇಬ್ರು ವಾಪಸ್ ಬಂದ್ರು. ಒಬ್ಬರ ಮನೇಲಿ ಮಗ ಮಂಗಳವಾರ, ಶುಕ್ರವಾರದ ಉಪ್ಪಿಟ್ಟು ನಂದು ಅಂದ. ಇನ್ನೊಬ್ಬರ ಮನೇಲಿ ಆ ಎರಡು ದಿನ ಬ್ರೆಡ್ಡು, ಬಾಳೆಹಣ್ಣು. ಮೂರನೆಯವರು ಇನ್ನೂ ಬಂದಿಲ್ಲ. ಅವರ ಕುರ್ಚಿ ಹಾಗೇ ಹಾಕಿರ್ತಾರೆ.

ಬರ್ತ್‌ಡೇಗೆ ಅಮ್ಮನಿಗೆ ಸ್ಮಾರ್ಟ್‌ವಾಚ್ ಕೊಡಿಸೋ ಯೋಚನೆ ಇದ್ರೆ ಕೊಡಿಸಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ವಾರಕ್ಕೆ ಎರಡು ಬೆಳಗ್ಗೆ ಅಡುಗೆಮನೆ ನೀವು ತಗೊಳ್ಳಿ. ಈ ವಾರ ಕುರ್ಚಿ ಪರೀಕ್ಷೆ ಮಾಡಿ, ಎಷ್ಟು ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಅಮ್ಮನ ದನಿಯಲ್ಲೇ ಕಳಿಸಿದ್ರೆ ಇನ್ನೂ ಖುಷಿ.