ತಲೆಯ ಮೇಲಿನ ನಾಲ್ಕು ಸಾಲು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬ ಎಂದರೆ ಷೇರು ಬಂಡವಾಳ, ಸಾಲ ವಸೂಲಾತಿ, ಗೊಬ್ಬರದ ದಾಸ್ತಾನು ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಅದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಚೆನ್ನಾಗಿಯೇ ಹೇಳಿದ್ದಾರೆ. ನಮಗೆ ಕೊಟ್ಟ ವಿಷಯ ಬೇರೆ. ಡಿಗ್ರಿ ಮುಗಿಸಿದ ಮಕ್ಕಳು ಸಾಫ್ಟ್‌ವೇರ್ ಕಂಪನಿಗಳಿಗೆ ಕಳಿಸುವ ರೆಸ್ಯೂಮೆ, ಅಂದರೆ ನಮ್ಮ ಕಾಲದ ಬಯೋಡೇಟಾ. ಅದರಲ್ಲೂ ಹೆಸರಿನ ಕೆಳಗೆ ಬರೆಯುವ ಮೂರು ನಾಲ್ಕು ಸಾಲಿನ ಸಾರಾಂಶ. ಸಮ್ಮರಿ ಅಂತಾರೆ.

ಇದಕ್ಕೂ ಸಹಕಾರ ಸಂಘಕ್ಕೂ ಏನ್ರೀ ಸಂಬಂಧ ಎಂದು ಹಿರಿಯರು ಕೇಳಬಹುದು. ಸಂಬಂಧ ಇದೆ. 1936ರಲ್ಲಿ ಭದ್ರೆಯ ದಡದಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಅದರಿಂದಲೇ ಕಾಗದನಗರಕ್ಕೆ ಆ ಹೆಸರು. ಸುತ್ತಿನ ಹಳ್ಳಿಗಳ ಎರಡು ಮೂರು ತಲೆಮಾರು ಅದರ ಗೇಟಿನೊಳಗೆ ಅನ್ನ ಕಂಡಿತು. ಕೆಲಸಕ್ಕೆ ಸೇರುವಾಗ ಯಾರೋ ಪರಿಚಯದವರು ‘ಇವನು ನಮ್ಮ ಇಂಥವರ ಮಗ’ ಎಂದರೆ ಅರ್ಧ ಕೆಲಸ ಆದಂತೆಯೇ. 2015ರ ಕೊನೆಯ ಹೊತ್ತಿಗೆ ಅಲ್ಲಿ ಉತ್ಪಾದನೆ ನಿಂತಿತು. ಈಗ ನಮ್ಮ ಮಕ್ಕಳು ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕುವಾಗ ‘ಇಂಥವರ ಮಗಳು’ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಆ ನಾಲ್ಕು ಸಾಲೇ ಹೇಳಬೇಕು. ಕಾಗದ ಮಾಡಿದ ಊರಿನ ಮಕ್ಕಳು ಒಂದು ಹಾಳೆ ಕಾಗದದ ಮುಂದೆ ತಡವರಿಸುವುದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ.

ಎರಡು ವರ್ಷದಿಂದ ಭಾನುವಾರ ಸಂಜೆ ಸಂಘದ ಕಚೇರಿಯಲ್ಲಿ ನಾವು ಮಕ್ಕಳ ಅರ್ಜಿ ನೋಡುತ್ತಿದ್ದೇವೆ. ಮೊದಲ ವಾರ ಆರು ಜನ ಬಂದಿದ್ದರು. ಆರೂ ಹಾಳೆಯ ಮೇಲೆ ಒಂದೇ ಮಾತು. ‘ಸವಾಲಿನ ವಾತಾವರಣದಲ್ಲಿ ನನ್ನ ಪ್ರತಿಭೆಯನ್ನು ಸಂಸ್ಥೆಯ ಬೆಳವಣಿಗೆಗೆ ಬಳಸಲು ಬಯಸುತ್ತೇನೆ’ ಎಂಬ ಅರ್ಥದ ಇಂಗ್ಲಿಷು. ಕೆಳಗೆ ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್. ಎಲ್ಲಿಂದ ಬರೆದಿರಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀನಿಯರ್ ಕೊಟ್ಟಿದ್ದು ಸಾರ್. ಆ ಸೀನಿಯರಿಗೆ ಅವನ ಸೀನಿಯರ್ ಕೊಟ್ಟಿದ್ದು.

ನಮ್ಮ ಸಂಘದ ಸಾಲದ ಅರ್ಜಿಯನ್ನೇ ನೆನಪು ಮಾಡಿಕೊಳ್ಳಿ. ‘ಸಾಲದ ಉದ್ದೇಶ’ ಎಂಬ ಜಾಗದಲ್ಲಿ ‘ಜೀವನದಲ್ಲಿ ಏಳಿಗೆ ಹೊಂದಲು’ ಎಂದು ಬರೆದರೆ ಕಾರ್ಯದರ್ಶಿ ಏನು ಮಾಡುತ್ತಾರೆ? ವಾಪಸ್ ಕೊಡುತ್ತಾರೆ. ‘ಒಂದು ಎಕರೆ ಅಡಿಕೆ ತೋಟಕ್ಕೆ ಹನಿ ನೀರಾವರಿ’ ಎಂದು ಬರೆದರೆ ಮುಂದಿನ ಪ್ರಶ್ನೆ ಕೇಳುತ್ತಾರೆ. ಸಮ್ಮರಿಯ ಕೆಲಸವೂ ಅಷ್ಟೇ. ಓದುವವನ ಕೈಯಲ್ಲಿ ಮುಂದಿನ ಪ್ರಶ್ನೆ ಕೇಳಿಸಬೇಕು. ಆಸೆ ಎಲ್ಲರಿಗೂ ಇರುತ್ತೆ, ಅದನ್ನು ಬರೆದು ಪ್ರಯೋಜನವಿಲ್ಲ.

ಇದು ಇವತ್ತಿನ ಕಥೆಯೂ ಅಲ್ಲ. ಲಿಯೊನಾರ್ಡೊ ಡಾ ವಿಂಚಿ ಗೊತ್ತಲ್ಲ, ಮೊನಾಲಿಸಾ ಚಿತ್ರ ಬರೆದವನು. ಸುಮಾರು 1482ರಲ್ಲಿ ಅವನೂ ಕೆಲಸ ಕೇಳಿಕೊಂಡು ಮಿಲಾನಿನ ದೊರೆಗೆ ಒಂದು ಪತ್ರ ಸಿದ್ಧ ಮಾಡಿದ್ದ. ಅದರ ಕರಡು ಇವತ್ತಿಗೂ ಉಳಿದಿದೆ. ಚಿತ್ರಕಲೆಯ ಮಾತು ಅದರಲ್ಲಿ ಬರುವುದು ಕೊನೆಗೆ. ಮೊದಲು ಹೇಳಿದ್ದು ಏನು? ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರು ತೆಗೆಯಬಲ್ಲೆ, ಫಿರಂಗಿ ಮಾಡಬಲ್ಲೆ. ಯಾಕೆಂದರೆ ಆ ದೊರೆಗೆ ಬೇಕಾಗಿದ್ದದ್ದು ಯುದ್ಧದ ಸಲಕರಣೆ. ಅಂಥ ಕಲಾವಿದನೇ ತನಗೆ ಪ್ರಿಯವಾದ್ದನ್ನು ಕೆಳಗಿಟ್ಟು, ಕೆಲಸ ಕೊಡುವವನಿಗೆ ಬೇಕಾದ್ದನ್ನು ಮೇಲಿಟ್ಟ. ನಮ್ಮ ಹುಡುಗರು ಕ್ರಿಕೆಟ್ ಕಪ್ಪನ್ನು ಮೇಲೆ ಬರೆದು ಡೇಟಾಬೇಸ್ ಕಲಿತದ್ದನ್ನು ಎರಡನೇ ಪುಟಕ್ಕೆ ತಳ್ಳಿರುತ್ತಾರೆ.

ಈಗ ನಮ್ಮೂರಿನದೇ ಒಂದು ಉದಾಹರಣೆ ಹೇಳುತ್ತೇವೆ. ಹೆಸರು ಬೇಡ, ಆ ಹುಡುಗಿ ಇಲ್ಲೇ ಎಲ್ಲೋ ಕೂತಿರಬಹುದು. ಶಿವಮೊಗ್ಗದಲ್ಲಿ ಬಿ.ಸಿ.ಎ. ಮುಗಿಸಿದವಳು. ತಂದೆ ಕಾರ್ಖಾನೆಯಲ್ಲಿದ್ದವರು. ಅವಳ ಹಾಳೆಯ ಮೇಲೂ ಅದೇ ಹಾರ್ಡ್ ವರ್ಕಿಂಗು. ಅನುಭವ ಎಂಬ ಜಾಗದಲ್ಲಿ ಒಂದು ಗೀಟು. ನಾವು ಕೇಳಿದೆವು, ಅಲ್ಲಮ್ಮಾ, ನಮ್ಮ ಸಂಘದಲ್ಲಿ ಎರಡು ತಿಂಗಳು ಕೂತು ಕೆಲಸ ಮಾಡಿದೆಯಲ್ಲ, ಅದೆಲ್ಲಿ?

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ತಮಗೆಲ್ಲ ಗೊತ್ತು. ನಮ್ಮ ಹಳೇ ಲೆಡ್ಜರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಈ ಹುಡುಗಿ ಸಹಾಯಕ್ಕೆ ಬಂದಿದ್ದಳು. ಏರಿಸಿದ್ದನ್ನು ಪ್ರಿಂಟು ತೆಗೆದು ಲೆಡ್ಜರಿನ ಜೊತೆ ತಾಳೆ ನೋಡಿದವಳು ಇವಳೇ. ಒಂದೇ ಹೆಸರಿನ ಇಬ್ಬರು ಸದಸ್ಯರ ಸಾಲ ಒಂದೇ ಖಾತೆಗೆ ಬಿದ್ದಿದ್ದನ್ನು ಹಿಡಿದಳು. ತೀರಿದ ಸಾಲ ಬಾಕಿ ಅಂತ ತೋರಿಸುತ್ತಿದ್ದದ್ದನ್ನು ಹಿಡಿದಳು. ಅವತ್ತು ಅವಳು ನೋಡದೇ ಹೋಗಿದ್ದರೆ ಒಬ್ಬ ಬಡ ಸದಸ್ಯ ಕಟ್ಟಿದ ಸಾಲವನ್ನೇ ಮತ್ತೆ ಕಟ್ಟಬೇಕಿತ್ತು.

‘ಅದು ಊರಿನ ಸೊಸೈಟಿ ಕೆಲಸ ಸಾರ್, ಅದನ್ನೆಲ್ಲ ಬರೀತಾರಾ?’ ಅಂದಳು. ನಮಗೆ ನಿಜಕ್ಕೂ ಬೇಜಾರಾಯಿತು. ಕಂಪನಿಯಲ್ಲಿ ಇದಕ್ಕೆ ಡೇಟಾ ವ್ಯಾಲಿಡೇಷನ್ ಎನ್ನುತ್ತಾರೆ. ಟೆಸ್ಟಿಂಗ್ ಕೆಲಸದ ಬೇರು ಇದೇ.

ಸಂಜೆಯಿಡೀ ಕೂತು ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಕನ್ನಡ ಸಾರ ಇದು: ‘ಬಿ.ಸಿ.ಎ. ಪದವೀಧರೆ, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಮೊದಲ ಉದ್ಯೋಗದ ಅಪೇಕ್ಷೆ. ಗ್ರಾಮದ ಸಹಕಾರ ಸಂಘದ ಗಣಕೀಕರಣದಲ್ಲಿ ಎರಡು ತಿಂಗಳು ಸುಮಾರು 400 ಸಾಲದ ಖಾತೆಗಳನ್ನು ಮೂಲ ಲೆಡ್ಜರಿನೊಂದಿಗೆ ತಾಳೆ ನೋಡಿ, 31 ತಪ್ಪುಗಳನ್ನು ಗುರುತಿಸಿ ಸರಿಪಡಿಸಲು ನೆರವು. ಎಕ್ಸೆಲ್ ಮತ್ತು ಎಸ್‌ಕ್ಯೂಎಲ್ ಬಳಸಿ ಕೆಲಸ ಮಾಡಿದ ಅಭ್ಯಾಸ. ಪೈಥಾನ್ ಆರಂಭಿಕ ಮಟ್ಟ.’

ನೋಡಿ, ಇದರಲ್ಲಿ ಶ್ರಮಜೀವಿ ಎಂಬ ಪದವೇ ಇಲ್ಲ. 31 ಎಂಬ ಅಂಕಿ ಅದನ್ನು ಹೇಳುತ್ತದೆ. ‘ನಾನು’ ಎಂಬುದೂ ಇಲ್ಲ. ಇಂಗ್ಲಿಷ್ ರೆಸ್ಯೂಮೆಯಲ್ಲಿ ಅದನ್ನು ಬಿಟ್ಟು ಬರೆಯುವುದು ರೂಢಿ. ‘ಆರಂಭಿಕ ಮಟ್ಟ’ ಎಂಬ ಮಾತಿಗೆ ಅವಳು ಸುಮಾರು ಹೊತ್ತು ಜಗಳ ಮಾಡಿದಳು. ಎಲ್ಲರೂ ಎಕ್ಸ್‌ಪರ್ಟ್ ಅಂತ ಹಾಕ್ತಾರೆ, ನಾನೊಬ್ಬಳೇ ಯಾಕೆ ಕಮ್ಮಿ ಮಾಡ್ಕೋಬೇಕು ಅಂತ. ಎಕ್ಸ್‌ಪರ್ಟ್ ಎಂದು ಬರೆದರೆ ಎಕ್ಸ್‌ಪರ್ಟಿಗೆ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರಮ್ಮ ಎಂದೆವು. ಒಪ್ಪಿದಳು, ಮನಸ್ಸಿಲ್ಲದೆ.

ಹಾಗಂತ ಮರುದಿನವೇ ಕೆಲಸ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ಕಡೆಯಿಂದ ಉತ್ತರವೇ ಬರಲಿಲ್ಲ. ಆರೇಳು ತಿಂಗಳಾದ ಮೇಲೆ ಬೆಂಗಳೂರಿನ ಒಂದು ಸಣ್ಣ ಕಂಪನಿ ಕರೆಯಿತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಆ 31 ತಪ್ಪನ್ನು ಹೇಗೆ ಕಂಡುಹಿಡಿದೆ? ಇಪ್ಪತ್ತು ನಿಮಿಷ ಅದೇ ಮಾತಾಯಿತಂತೆ. ತನಗೆ ಗೊತ್ತಿದ್ದ ವಿಷಯವಾದ್ದರಿಂದ ಇಂಗ್ಲಿಷು ತಪ್ಪಿದರೂ ಮಾತು ನಿಲ್ಲಲಿಲ್ಲ ಎಂದಳು.

ನಮ್ಮದೂ ಒಂದು ತಪ್ಪು ಇದೆ, ಹೇಳಿಬಿಡುತ್ತೇವೆ. ಶುರುವಿನಲ್ಲಿ ಒಬ್ಬ ಹುಡುಗನಿಗೆ ನಾವೇ ಒಳ್ಳೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆವು. ಸಂದರ್ಶನದಲ್ಲಿ ಅದರಲ್ಲಿದ್ದ ಒಂದು ಪದದ ಅರ್ಥ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದ್ದ, ಬೈಯಲಿಲ್ಲ, ಸುಮ್ಮನೆ ಇಟ್ಟುಬಿಟ್ಟ. ಅವತ್ತಿನಿಂದ ನಾವು ಪೆನ್ನು ಮುಟ್ಟುವುದಿಲ್ಲ. ಪ್ರಶ್ನೆ ಕೇಳುತ್ತೇವೆ, ಬರೆಯುವುದು ಅವರೇ. ಈಗ ಕಂಪ್ಯೂಟರೇ ಬರೆದುಕೊಡುತ್ತದೆ, ಚಾಟ್‌ಜಿಪಿಟಿ ಇದೆ ಎನ್ನುತ್ತೀರಿ. ವ್ಯಾಕರಣ ತಿದ್ದಿಸಿಕೊಳ್ಳಿ, ತಕರಾರಿಲ್ಲ. ಆದರೆ ನಮ್ಮ ಲೆಡ್ಜರಿನಲ್ಲಿ ನೀವೇನು ಕಂಡಿರಿ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು ವಿಚಾರ. ದೊಡ್ಡ ಕಂಪನಿಗಳಲ್ಲಿ ಅನೇಕ ಕಡೆ ಅರ್ಜಿಗಳನ್ನು ಮೊದಲು ಒಂದು ಸಾಫ್ಟ್‌ವೇರ್ ವಿಂಗಡಿಸುತ್ತದೆ. ಜಾಹೀರಾತಿನಲ್ಲಿ ಕೇಳಿದ ವಿದ್ಯೆಯ ಹೆಸರು ಹಾಳೆಯಲ್ಲಿ ಇದೆಯೇ ಎಂದು ಹುಡುಕುತ್ತದೆ. ಅದಕ್ಕೇ ಒಂದೇ ಸಮ್ಮರಿಯನ್ನು ಐವತ್ತು ಕಡೆ ಕಳಿಸಬೇಡಿ. ಜಾಹೀರಾತು ಓದಿ. ಅವರು ಎಸ್‌ಕ್ಯೂಎಲ್ ಕೇಳಿದ್ದು ನಿಮಗೆ ಬಂದರೆ ಅದೇ ಪದ ಬರೆಯಿರಿ, ಬಾರದಿದ್ದರೆ ಬಿಡಿ. ಬಣ್ಣದ ಕಾಲಮ್ಮು, ಚಿತ್ರ, ನಕ್ಷತ್ರ ಹಾಕಿದರೆ ಆ ಯಂತ್ರಕ್ಕೆ ಓದಲು ತೊಡಕಾಗಬಹುದು. ಮದುವೆ ಕಾಗದದ ಹಾಗೆ ಇರಬೇಕಾಗಿಲ್ಲ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ಹಣ ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರು ಇದ್ದಾರೆ. ಸುತ್ತಿನ ಒಬ್ಬ ರೈತರು ಮಗನಿಗಾಗಿ ಒಡವೆ ಅಡ ಇಟ್ಟು ಮಾಡಿಸಿದರು. ಸಮ್ಮರಿಯಲ್ಲಿ ‘ಎರಡು ವರ್ಷ ಅನುಭವಿ’ ಎಂದು ಬಿತ್ತು. ಕೆಲಸವೂ ಸಿಕ್ಕಿತು. ಆಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಹೊರಗೆ ಬಂದ. ಪಿ.ಎಫ್. ಲೆಕ್ಕದಲ್ಲಿ ಯಾರು ಎಲ್ಲಿ ಯಾವಾಗ ಕೆಲಸ ಮಾಡಿದರು ಎಂಬುದು ಕಾಣುತ್ತದೆ. ಸಾಫ್ಟ್‌ವೇರ್ ಉದ್ಯಮದವರು ನೌಕರರ ವಿವರ ಪರಿಶೀಲಿಸಲೆಂದೇ 2006ರಲ್ಲಿ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಎಂಬ ವ್ಯವಸ್ಥೆ ಮಾಡಿಕೊಂಡರು. ಆ ಒಡವೆ ಇನ್ನೂ ಬಿಡಿಸಿಲ್ಲ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅಂಥ ದುಡ್ಡು ಕೈಗೆ ಬಂದಾಗ ಪುಸ್ತಕಕ್ಕೆ, ಪರೀಕ್ಷೆಗೆ ಬಸ್ ಚಾರ್ಜಿಗೆ ಆಗಲಿ. ಇಂಥವರ ಕೈಗೆ ಹಾಕಬೇಡಿ.

ಭಾನುವಾರ ನಾಲ್ಕು ಗಂಟೆಗೆ ಕಚೇರಿ ತೆಗೆದಿರುತ್ತದೆ. ಪ್ರಿಂಟು ಸಂಘದ ಖರ್ಚು, ಅಧ್ಯಕ್ಷರು ಒಪ್ಪಿದ್ದಾರೆ. ಬರುವಾಗ ಮೇಲಿನ ನಾಲ್ಕು ಸಾಲನ್ನು ಅಳಿಸಿಕೊಂಡೇ ಬನ್ನಿ. ರಜೆಯಲ್ಲಿ ಏನೇನು ಕೆಲಸ ಮಾಡಿದಿರಿ, ಅಂಗಡಿಯ ಲೆಕ್ಕವೋ, ಡೇರಿಯ ಲೆಕ್ಕವೋ, ಅಣ್ಣನ ಮೊಬೈಲ್ ರಿಪೇರಿಯೋ, ಅದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ತನ್ನಿ.