ಓಟದ ಕಣದಲ್ಲಿ ವಿಶ್ವಾಸಿ

(ಶತಮಾನೋತ್ಸವದ ಅಂಗವಾಗಿ ನಡೆದ ತ್ರಿದಿನ ಪ್ರಾರ್ಥನಾಕೂಟದ ಎರಡನೆಯ ಸಂಜೆ ನೀಡಿದ ಉಪನ್ಯಾಸ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಶುಭ ಸಂದರ್ಭದಲ್ಲಿ ವಿಶ್ವಾಸ ಜೀವನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಗುರುಗಳು ಅಪ್ಪಣೆ ಕೊಡಿಸಿದ್ದಾರೆ. ನಾನು ದೈವಶಾಸ್ತ್ರವನ್ನು ಓದಿದವನಲ್ಲ. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ವ್ಯಾಯಾಮ ಶಿಕ್ಷಕ. ಆದುದರಿಂದ ನನಗೆ ಪರಿಚಿತವಾದ ಓಟದ ದಾರಿಯಿಂದಲೇ ಈ ವಿಷಯದ ಬಳಿಗೆ ಬರುತ್ತೇನೆ. ಈ ದಾರಿಯನ್ನು ತೆರೆದವರು ಸಂತ ಪೌಲರೇ ಆಗಿರುವುದರಿಂದ ನನಗಿಷ್ಟು ಧೈರ್ಯ.

ಪೌಲರು ಕ್ರಿ. ಶ. 50ರ ಸುಮಾರಿನಲ್ಲಿ ಕೊರಿಂಥ ಪಟ್ಟಣಕ್ಕೆ ಬಂದು, ಗುಡಾರ ಮಾಡುವ ಕಸಬಿನಿಂದ ಹೊಟ್ಟೆ ಹೊರೆಯುತ್ತ, ಒಂದೂವರೆ ವರ್ಷ ಅಲ್ಲಿ ಶುಭಸಂದೇಶವನ್ನು ಸಾರಿದರು. ಆ ಪಟ್ಟಣದ ಸಮೀಪದಲ್ಲಿಯೇ ಇಸ್ತ್‌ಮಿಯ ಎಂಬ ಸ್ಥಳವಿದೆ. ಎರಡು ವರ್ಷಗಳಿಗೊಮ್ಮೆ ಅಲ್ಲಿ ಗ್ರೀಸ್ ದೇಶದ ಪ್ರಖ್ಯಾತ ಕ್ರೀಡಾಕೂಟವೊಂದು ಜರುಗುತ್ತಿತ್ತು. 1952ರಲ್ಲಿ ಆಸ್ಕರ್ ಬ್ರೋನೀರ್ ಎಂಬ ವಿದ್ವಾಂಸರು ಅಲ್ಲಿ ಪೊಸೈಡನ್ ದೇವತೆಯ ಗುಡಿಯನ್ನು ಪತ್ತೆ ಹಚ್ಚಿದರು. ಮುಂದಿನ ಉತ್ಖನನದಲ್ಲಿ ಓಟಗಾರರು ಹೊರಡುತ್ತಿದ್ದ ಕಲ್ಲುಹಾಸು ಬೆಳಕಿಗೆ ಬಂತು. ಹಗ್ಗಗಳನ್ನು ಹಾಯಿಸಲು ಕೊರೆದ ಗೀರುಗಳು ಆ ಕಲ್ಲಿನಲ್ಲಿ ಇಂದಿಗೂ ಕಾಣುತ್ತವೆ. ಗುಂಡಿಯೊಂದರಲ್ಲಿ ನಿಂತವನು ಹಗ್ಗಗಳನ್ನು ಸಡಿಲಿಸಿದರೆ ಎಲ್ಲರ ಮುಂದಿನ ಅಡ್ಡಕೋಲುಗಳೂ ಒಮ್ಮೆಗೇ ಬಿದ್ದು, ಯಾರೂ ಮೊದಲೇ ಓಡದಂತೆ ನೋಡಿಕೊಳ್ಳುವ ಏರ್ಪಾಡು ಅದು. (ಪೌಲರ ಕಾಲಕ್ಕೆ ಅದು ಬಳಕೆ ತಪ್ಪಿ ಶತಮಾನಗಳೇ ಕಳೆದಿದ್ದವು. ಆದರೂ ಕಳ್ಳ ಓಟ ಎಷ್ಟು ಹಳೆಯ ರೋಗವೆಂದು ನನ್ನಂಥ ಮೇಷ್ಟರಿಗೆ ಇದರಿಂದ ಸಮಾಧಾನವಾಗುತ್ತದೆ.)

ಗೆದ್ದವನಿಗೆ ಅಲ್ಲಿ ದೊರೆಯುತ್ತಿದ್ದುದು ಬಂಗಾರದ ಪದಕವಲ್ಲ. ಪೈನ್ ಮರದ ಸೊಪ್ಪಿನಿಂದಲೋ ಒಣಗಿದ ಸೆಲರಿ ಸೊಪ್ಪಿನಿಂದಲೋ ಹೆಣೆದ ಕಿರೀಟ. ಸೆಲರಿಯ ಕಿರೀಟವಂತೂ ತಲೆಯ ಮೇಲೆ ಇಡುವ ಹೊತ್ತಿಗೇ ಬಾಡಿರುತ್ತಿತ್ತು. ಬಾಡಿಹೋಗುವ ಕಿರೀಟಕ್ಕಾಗಿ ಅವರು ಶ್ರಮಿಸುತ್ತಾರೆ, ನಾವು ಬಾಡದ ಕಿರೀಟಕ್ಕಾಗಿ ಎಂಬ ಅರ್ಥದ ಮಾತನ್ನು ಪೌಲರ ಮೊದಲನೆಯ ಪತ್ರದಲ್ಲಿ ಓದಿದಾಗ ಕೊರಿಂಥದ ಜನರ ಕಣ್ಣ ಮುಂದೆ ಈ ಒಣಸೊಪ್ಪು ಬಂದಿರಬೇಕು.

ಆ ಪತ್ರದ ಒಂಬತ್ತನೆಯ ಅಧ್ಯಾಯದ ಕೊನೆಯನ್ನು ಗಮನವಿಟ್ಟು ಓದಿರಿ. ಓಟದ ದಿನದ ಸಡಗರಕ್ಕಿಂತ ಅದಕ್ಕೆ ಮುಂಚಿನ ಸಂಯಮವನ್ನೇ ಪೌಲರು ಒತ್ತಿ ಹೇಳುತ್ತಾರೆ. ಒಲಿಂಪಿಯದಲ್ಲಿ ಸ್ಪರ್ಧಿಸುವವರು ಹತ್ತು ತಿಂಗಳು ಕಟ್ಟುನಿಟ್ಟಾಗಿ ಅಭ್ಯಾಸ ಮಾಡಿರುವುದಾಗಿ ಪ್ರಮಾಣ ಮಾಡಬೇಕಿತ್ತು. ನೋಡುವವರಿಲ್ಲದ, ಚಪ್ಪಾಳೆಯಿಲ್ಲದ ಆ ಹತ್ತು ತಿಂಗಳುಗಳೇ ಓಟದ ನಿಜವಾದ ಭಾಗ. ನಮ್ಮ ದಿನನಿತ್ಯದ ಆಧ್ಯಾತ್ಮಿಕ ಜೀವನವೂ ಇಂತಹುದೇ. ಬೆಳಗಿನ ಪ್ರಾರ್ಥನೆ, ಮನೆಮಂದಿಯೆಲ್ಲ ಕೂಡಿ ಹೇಳುವ ಸಂಜೆಯ ಜಪಸರ, ಭಾನುವಾರದ ಬಲಿಪೂಜೆ, ಕಾಲಕಾಲಕ್ಕೆ ಪಾಪನಿವೇದನೆ, ನಾಲಗೆಯ ಮೇಲೆ ಹಿಡಿತ. ಇವುಗಳಿಗೆ ಯಾರೂ ಹಾರ ಹಾಕುವುದಿಲ್ಲ. ನಾವಾದರೋ ಹಬ್ಬದ ನವೇನದ ಒಂಬತ್ತು ದಿನ ಬಿರುಸಿನಿಂದ ಓಡಿ, ಹತ್ತನೆಯ ದಿನ ದೇವಾಲಯವನ್ನು ಗುರುಗಳಿಗೂ ಉಪದೇಶಿಗಳಿಗೂ ಬಿಟ್ಟುಬಿಡುತ್ತೇವೆ. ಹೊಸದಾಗಿ ಓಡಲು ಬಂದ ಹುಡುಗನೂ ಹೀಗೆಯೇ; ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಎರಡನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ಕುಳಿತುಬಿಡುತ್ತಾನೆ. ಸಂತ ಮಾರ್ಕನ ಶುಭಸಂದೇಶದಲ್ಲಿ ನಿತ್ಯಜೀವದ ದಾರಿಯನ್ನು ಕೇಳಲು ಬಂದ ಆ ಸಿರಿವಂತನು ಯೇಸುಸ್ವಾಮಿಯ ಬಳಿಗೆ ಓಡಿ ಬಂದು ಮೊಣಕಾಲೂರಿದನು. ಹಿಂದಿರುಗಿದಾಗ ವ್ಯಥೆಯಿಂದ ಹೊರಟುಹೋದನು. ಅವನ ಆರಂಭದಲ್ಲಿ ಕೊರತೆಯೇನೂ ಇರಲಿಲ್ಲ.

ನಡುವೆ ಸಡಿಲವಾಗುವುದು ಮಹಾ ಓಟಗಾರರಿಗೂ ತಪ್ಪಿದ್ದಲ್ಲ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ನಮ್ಮ ಮಿಲ್ಖಾ ಸಿಂಗ್ ಅವರು ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದು ಸೆಕೆಂಡಿನ ಹತ್ತನೆಯ ಒಂದಂಶದಷ್ಟು ಅಂತರದಿಂದ. ನಡುವೆ ವೇಗ ತಗ್ಗಿಸಿದ್ದೇ ಮುಳುವಾಯಿತೆಂದು ಮುಂದೆ ಅವರೇ ಹೇಳಿಕೊಂಡರು. ಶತಮಾನೋತ್ಸವವೂ ಅಂತಹ ಒಂದು ನಡುದಾರಿಯೆಂದು ನನ್ನ ಭಾವನೆ. ಹಿರಿಯರು ಕಟ್ಟಿದ ಗೋಪುರವನ್ನು ತಲೆಯೆತ್ತಿ ನೋಡುತ್ತ ಕಾಲು ನಿಧಾನಿಸುವ ಅಪಾಯ ಇಲ್ಲಿ ಬಹಳ. ಹಿಂದಿನದನ್ನು ಮರೆತು ಮುಂದಿನದರತ್ತ ಮೈಚಾಚುವೆನೆಂದು ಪೌಲರು ಫಿಲಿಪ್ಪಿಯವರಿಗೆ ಬರೆದಾಗ ಅವರು ಸೆರೆಯಲ್ಲಿದ್ದರು ಎಂಬುದನ್ನು ಮರೆಯಬಾರದು. ಕಾಲಿಗೆ ಸಂಕೋಲೆ ಬಿದ್ದವನು ಓಟದ ಮಾತನ್ನಾಡುತ್ತಾನೆ!

ಇನ್ನು ಒಂದು ವಿಷಯದಲ್ಲಿ ಈ ಓಟ ಮೈದಾನದ ಓಟದಿಂದ ಬೇರೆಯಾಗುತ್ತದೆ. ಪುನರುತ್ಥಾನದ ಬೆಳಿಗ್ಗೆ ಸಂತ ಪೇತ್ರನೂ ಯೇಸುವಿನ ಪ್ರೀತಿಯ ಶಿಷ್ಯನೂ ಸಮಾಧಿಯತ್ತ ಓಡಿದರು. ಆ ಶಿಷ್ಯನು ಸಂತ ಯೊವಾನ್ನನೆಂದು ಧರ್ಮಸಭೆಯ ಪರಂಪರೆ ನಂಬಿಕೊಂಡು ಬಂದಿದೆ. ಅವನು ವೇಗಿ, ಮೊದಲು ಮುಟ್ಟಿದನು. ಒಳಗೆ ಹೋಗದೆ ಬಾಗಿಲಲ್ಲಿಯೇ ನಿಂತನು. ಹಿಂದೆ ಬಂದ ಪೇತ್ರನು ಮೊದಲು ಒಳಹೊಕ್ಕನು. ವಿದ್ವಾಂಸರು ಇದಕ್ಕೆ ಹಲವು ಅರ್ಥ ಹೇಳುತ್ತಾರೆ. ಮಕ್ಕಳನ್ನು ಓಡಿಸಿದ ನನಗೆ ಕಾಣುವುದು, ಗೆದ್ದವನು ಸೋತವನಿಗಾಗಿ ಕಾದು ನಿಂತ ಏಕಮಾತ್ರ ಓಟ ಅದೆಂಬುದು. 'ಹೆಚ್ಚು ವೇಗ, ಹೆಚ್ಚು ಎತ್ತರ, ಹೆಚ್ಚು ಬಲ' ಎಂಬ ಒಲಿಂಪಿಕ್ ಧ್ಯೇಯವಾಕ್ಯವು ಮೂಲತಃ ಹೆನ್ರಿ ದಿದೋನ್ ಎಂಬ ದೊಮಿನಿಕನ್ ಗುರುಗಳದು. ಅದಕ್ಕೆ 'ಒಟ್ಟಾಗಿ' ಎಂಬ ಪದವನ್ನು ಸೇರಿಸಿದ್ದು 2021ರಲ್ಲಿ. ಸಮಾಧಿಯ ಬಾಗಿಲಲ್ಲಿ ನಿಂತ ಶಿಷ್ಯನಿಗೆ ಅದು ಅಂದೇ ತಿಳಿದಿತ್ತು.

ನೂರು ವರ್ಷವೆಂದರೆ ಸುಮಾರು ನಾಲ್ಕು ತಲೆಮಾರು. ರಿಲೇ ಓಟದಲ್ಲಿಯೂ ಓಡುವವರು ನಾಲ್ವರು. ಅಲ್ಲಿ ಕೋಲನ್ನು ಗುರುತು ಹಾಕಿದ ಜಾಗದೊಳಗೇ ದಾಟಿಸಬೇಕು. ಕೊಡುವವನು ಕೊಡುವ ತನಕ ಓಡುತ್ತಿರಬೇಕು. ತಾನು ನಿಂತುಬಿಟ್ಟು ಮಗನನ್ನು ಓಡೆಂದರೆ ಕೋಲು ಅವನ ಕೈಸೇರದು. ಯುವಕರು ದೇವಾಲಯಕ್ಕೆ ಬರುವುದಿಲ್ಲವೆಂಬ ದೂರನ್ನು ನಾವು ಹಿರಿಯರು ಎಲ್ಲ ಸಭೆಗಳಲ್ಲಿಯೂ ಹೇಳುತ್ತೇವೆ. ಜಪಸರದ ಹೊತ್ತಿಗೆ ದೂರದರ್ಶನದ ಮುಂದೆ ಕುಳಿತ ತಂದೆಯ ಕೈಯಿಂದ ಯಾವ ಮಗ ಏನನ್ನು ತೆಗೆದುಕೊಳ್ಳಬೇಕು? ರಿಲೇಯಲ್ಲಿ ಇನ್ನೊಂದು ನಿಯಮವಿದೆ. ಕೋಲು ಬಿದ್ದರೆ ಬೀಳಿಸಿದವನೇ ಅದನ್ನು ಎತ್ತಿಕೊಳ್ಳಬೇಕು. ಬೇರೆಯವರು ಎತ್ತಿದರೆ ತಂಡಕ್ಕೆ ಸ್ಥಾನವಿಲ್ಲ.

ಇದನ್ನು ಹೇಳಲು ಕಾರಣವಿದೆ. ಗಲಾತ್ಯದವರನ್ನು ಪೌಲರು, ಚೆನ್ನಾಗಿ ಓಡುತ್ತಿದ್ದ ನಿಮ್ಮನ್ನು ತಡೆದವರು ಯಾರು ಎಂದು ಕೇಳುತ್ತಾರೆ. ನೀವೇಕೆ ನಿಂತಿರಿ ಎಂದಲ್ಲ, ತಡೆದವರು ಯಾರು ಎಂದು. ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರಿದ್ದೂ ಈ ಚಪ್ಪರದ ಕೆಳಗೆ ಕಾಣದ ಕುಟುಂಬಗಳಿವೆ. ಮೆರವಣಿಗೆಯಲ್ಲಿ ಯಾರು ಮುಂದೆ ಎಂಬ ಜಗಳದಲ್ಲಿ ನೊಂದವರುಂಟು. ಬಡತನದಲ್ಲಿ ಮಾಡಿದ ಮದುವೆಯನ್ನು ನಾಲ್ಕು ಜನ ಆಡಿಕೊಂಡರೆಂದು ಹಿಂದಿನ ಬೆಂಚಿಗೆ ಸರಿದು, ಅಲ್ಲಿಂದ ಬಾಗಿಲಾಚೆಗೆ ಸರಿದವರುಂಟು. ಅವರ ಮನೆಗಳು ನಮಗೆಲ್ಲರಿಗೂ ಗೊತ್ತು. ನಾಡಿದ್ದು ಚಪ್ಪರ ಬಿಚ್ಚುವ ಮೊದಲು ಆ ಮನೆಗಳಿಗೆ ಹೋಗಿ ಕರೆಯಬೇಕೆಂಬುದು ನನ್ನ ಬಿನ್ನಹ. ಗುರುಗಳನ್ನು ಕಳುಹಿಸಿ ನಾವು ಮನೆಯಲ್ಲಿ ಕೂರುವುದು ಬೇಡ. ಯಾರ ಮಾತಿನಿಂದ ಅವರು ದೂರವಾದರೋ ಅವರೇ ಹೋಗಲಿ.